ಪಾಯಿಂಟ್, ಬ್ಯಾಡ್ಜ್, ಸ್ಟಾರ್ ಕೊಟ್ಟರೆ ಜನ ನಿಜವಾಗಿ ಕಲಿಯುತ್ತಾರಾ?

ಟ್ರೈನಿಂಗ್_ಮೇಡಂ

ನಮಸ್ಕಾರ. ನಾನು ಒಂದು ಕಸ್ಟಮರ್ ಸಪೋರ್ಟ್ ಕಂಪನಿಯಲ್ಲಿ ಟ್ರೈನಿಂಗ್ ನೋಡಿಕೊಳ್ಳುತ್ತೇನೆ. ಹೊಸಬರಿಗೆ ಪ್ರಾಡಕ್ಟ್ ಹೇಳಿಕೊಡುವುದು, ನಿಯಮ ಬದಲಾದಾಗ ಹಳಬರಿಗೆ ತಿಳಿಸುವುದು, ಸಿಟ್ಟಿನಲ್ಲಿ ಫೋನ್ ಮಾಡಿದವರ ಜೊತೆ ಹೇಗೆ ಮಾತಾಡಬೇಕು ಅಂತ ಅಭ್ಯಾಸ ಮಾಡಿಸುವುದು, ಇದೇ ನನ್ನ ಕೆಲಸ.

ಕೆಲವು ತಿಂಗಳ ಹಿಂದೆ ನಮ್ಮ ಪಾಠಗಳೆಲ್ಲ ಒಂದು ಹೊಸ ಸಾಫ್ಟ್‌ವೇರಿಗೆ ಹೋದವು. ವಿಡಿಯೊ ಮುಗಿಸಿದರೆ ಪಾಯಿಂಟ್, ಅಧ್ಯಾಯ ಮುಗಿಸಿದರೆ ಬ್ಯಾಡ್ಜ್, ಜೊತೆಗೆ ಎಲ್ಲರ ಹೆಸರೂ ಕಾಣುವ ಲೀಡರ್‌ಬೋರ್ಡ್. ಮೊದಲ ರಿಪೋರ್ಟ್ ನೋಡಿ ಎಲ್ಲರಿಗೂ ಖುಷಿಯೋ ಖುಷಿ. ಎಷ್ಟು ಸಲ ಜ್ಞಾಪಿಸಿದರೂ ವಿಡಿಯೊ ತೆಗೆಯದವರು ಈಗ ಗಡುವಿಗೆ ಮುಂಚೆಯೇ ಮುಗಿಸಿದ್ದರು.

ಆಮೇಲೆ ಫ್ಲೋರಿಗೆ ಹೋಗಿ ನೋಡಿದರೆ ಬೇರೆಯೇ ಕಥೆ. ಪಟ್ಟಿಯ ಮೇಲ್ಗಡೆ ಇರುವವರೇ ರಿಫಂಡ್ ನಿಯಮ ಏನು ಅಂತ ಪಕ್ಕದವರನ್ನು ಕೇಳುತ್ತಿದ್ದಾರೆ. ಅದೇ ನಿಯಮದ ಪಾಠ ಮುಗಿಸಿದ ಬ್ಯಾಡ್ಜ್ ಅವರ ಹೆಸರಿನ ಪಕ್ಕದಲ್ಲೇ ಹೊಳೆಯುತ್ತಿದೆ! ಒಬ್ಬ ಹುಡುಗ ವಿಡಿಯೊ ಮ್ಯೂಟ್ ಮಾಡಿ, ಇನ್ನೊಂದು ಟ್ಯಾಬಿನಲ್ಲಿ ಓಡಲು ಬಿಟ್ಟು, ಆರಾಮಾಗಿ ಕಾಲ್ ತೆಗೆದುಕೊಳ್ಳುತ್ತಿದ್ದ. ಕೊನೆಯ ಕ್ವಿಜ್‌ನ ಉತ್ತರಗಳು ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿವೆ ಅಂತ ಆಮೇಲೆ ಗೊತ್ತಾಯಿತು.

ಇದನ್ನೆಲ್ಲ ನಗುತ್ತಾ ಬಿಡಬಹುದಿತ್ತು. ನನಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. ನಮ್ಮಲ್ಲಿ ಒಬ್ಬರಿದ್ದಾರೆ, ಕಷ್ಟದ ಕಾಲ್ ಬಂದರೆ ಎಲ್ಲರೂ ಅವರ ಕಡೆಗೇ ತಿರುಗುತ್ತಾರೆ. ಅವರು ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ, ನೋಟ್ಸ್ ಬರೆದುಕೊಳ್ಳುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಎಲ್ಲೋ ಕೆಳಗಿದ್ದಾರೆ. ಮೊನ್ನೆ "ನಾನು ದಡ್ಡಿ ಅಂತ ಕಂಪ್ಯೂಟರೇ ಹೇಳ್ತಿದೆಯಲ್ಲ ಮೇಡಂ" ಅಂದರು. ನಗುತ್ತಲೇ ಅಂದರು. ಆದರೆ ಈಗ ನೋಟ್ಸ್ ಬರೆಯುವುದನ್ನು ಬಿಟ್ಟಿದ್ದಾರೆ.

ಮನೆಯಲ್ಲೂ ಇದೇ ಗೋಳು. ಮಗಳು ಎರಡನೇ ಕ್ಲಾಸ್. ಅವಳ ಕ್ಲಾಸಿನ ಗೋಡೆಯ ಮೇಲೆ ಸ್ಟಾರ್ ಚಾರ್ಟ್ ಇದೆ. ಮೊದಲು ತಾನಾಗಿ ಕಥೆ ಪುಸ್ತಕ ಹಿಡಿದು ಕೂರುತ್ತಿದ್ದವಳು ಈಗ "ಇದಕ್ಕೆ ಸ್ಟಾರ್ ಇದೆಯಾ?" ಅಂತ ಕೇಳಿಯೇ ಪುಸ್ತಕ ತೆಗೆಯುವುದು.

ಈಗ ನಮ್ಮ ಮ್ಯಾನೇಜರ್ ಇನ್ನೊಂದು ಐಡಿಯಾ ತಂದಿದ್ದಾರೆ. ಪ್ರತಿ ತಿಂಗಳು ಪಟ್ಟಿಯ ಮೊದಲ ಮೂವರಿಗೆ ದುಡ್ಡು. ಬೇಡ ಅನ್ನೋಕೆ ನನಗೆ ಕಾರಣ ಬೇಕು. ಸುಮ್ನೆ "ನನಗೆ ಸರಿ ಕಾಣ್ತಿಲ್ಲ" ಅಂದರೆ ಅವರು ಕೇಳುವವರಲ್ಲ. ಇದನ್ನು ಸರಿಯಾಗಿ ಪ್ರಯೋಗ ಮಾಡಿ ನೋಡಿದವರು ಇದ್ದಾರಾ? ವೇದಿಕೆ ಹತ್ತಿ ಚಪ್ಪಾಳೆ ಹೊಡೆಸುವವರ ಮಾತು ದಯವಿಟ್ಟು ಬೇಡ, ಅದು ಆಫೀಸಿನಲ್ಲಿ ಸಾಕಷ್ಟು ಸಿಗುತ್ತೆ.

ಹಳೇ_ಮೇಷ್ಟ್ರು

ಮೇಡಂ, ನಿಮ್ಮ ಮಗಳು ಕೇಳಿದ ಪ್ರಶ್ನೆಯ ಮೇಲೆ 1973ರಲ್ಲೇ ಒಂದು ಪ್ರಯೋಗ ಬಂದಿದೆ. ನಾನು ಮೊದಲು ಮಕ್ಕಳಿಗೆ, ಆಮೇಲೆ ಮೇಷ್ಟ್ರುಗಳಿಗೆ ಪಾಠ ಹೇಳಿ ತಲೆ ಬೆಳ್ಳಗೆ ಮಾಡಿಕೊಂಡವನು. ಈ ಪ್ರಯೋಗವನ್ನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದೆ. ಹಾಗಾಗಿ ಸ್ವಲ್ಪ ಉದ್ದ ಆದರೆ ಕ್ಷಮೆ ಇರಲಿ.

ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅಂತ ಮೂವರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಸ್ಕೆಚ್ ಪೆನ್ನುಗಳನ್ನು ಇಟ್ಟು, ಯಾವ ಮಕ್ಕಳು ತಾವಾಗಿ ಬಂದು ಚಿತ್ರ ಬಿಡಿಸುತ್ತಾರೆ ಅಂತ ಮೊದಲು ಗಮನಿಸಿದರು. ಹಾಗೆ ಇಷ್ಟಪಟ್ಟು ಬಿಡಿಸುವ ಮಕ್ಕಳನ್ನೇ ಆರಿಸಿ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ "ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ ಕೊಡ್ತೀವಿ" ಅಂತ ಮೊದಲೇ ಹೇಳಿದರು. ಚಿನ್ನದ ಬಣ್ಣದ ನಕ್ಷತ್ರ, ಕೆಂಪು ರಿಬ್ಬನ್ ಎಲ್ಲ ಇದ್ದ ಪತ್ರ ಅದು. ಇನ್ನೊಂದು ಗುಂಪಿಗೆ ಮೊದಲು ಏನೂ ಹೇಳದೆ, ಬಿಡಿಸಿದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ.

ಒಂದೆರಡು ವಾರ ಬಿಟ್ಟು ಅದೇ ಪೆನ್ನುಗಳನ್ನು ಮತ್ತೆ ಕ್ಲಾಸಿನಲ್ಲಿ ಇಟ್ಟರು. ಈ ಸಲ ಪ್ರಶಸ್ತಿಯ ಮಾತೇ ಇಲ್ಲ. ಏನೂ ಪಡೆಯದ ಮಕ್ಕಳು ಆಟದ ಸಮಯದ ಸುಮಾರು ಶೇ 17ರಷ್ಟನ್ನು ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪತ್ರ ಸಿಕ್ಕಿದ ಮಕ್ಕಳು ಶೇ 18ರಷ್ಟು. ಪ್ರಶಸ್ತಿಗಾಗಿ ಬಿಡಿಸಿದ್ದವರು ಶೇ 9ಕ್ಕಿಂತ ಕಡಿಮೆ. ಎರಡನೇ ಗುಂಪಿಗೂ ಅದೇ ಪತ್ರ ಸಿಕ್ಕಿತ್ತು, ಗಮನಿಸಿ. ಪತ್ರದಿಂದ ಹಾಳಾಗಿಲ್ಲ. "ಇದನ್ನು ಮಾಡಿದರೆ ಅದನ್ನು ಕೊಡುತ್ತೇನೆ" ಅನ್ನುವ ಮಾತಿನಿಂದ ಹಾಳಾಗಿದೆ. ಮಗುವಿನ ಮನಸ್ಸಿನಲ್ಲಿ ಲೆಕ್ಕ ಸರಳ: ದೊಡ್ಡವರು ಲಂಚ ಕೊಟ್ಟು ಮಾಡಿಸುತ್ತಿದ್ದಾರೆ ಅಂದಮೇಲೆ ಇದು ಬೋರ್ ಕೆಲಸವೇ ಇರಬೇಕು.

ಇದಕ್ಕೂ ಎರಡು ವರ್ಷ ಮುಂಚೆ ಎಡ್ವರ್ಡ್ ಡೆಸಿ ಅನ್ನುವವರು ಕಾಲೇಜು ವಿದ್ಯಾರ್ಥಿಗಳ ಮೇಲೆ ಇಂಥದ್ದೇ ಒಂದನ್ನು ಮಾಡಿದ್ದರು. ಸೋಮಾ ಅಂತ ಮರದ ತುಂಡುಗಳ ಒಂದು ಒಗಟು ಬರುತ್ತೆ, ಒಮ್ಮೆ ಹಿಡಿದರೆ ಬಿಡೋಕೆ ಮನಸ್ಸಾಗಲ್ಲ. ಅರ್ಧ ಜನಕ್ಕೆ ಬಿಡಿಸಿದ ಒಗಟಿಗೆ ಒಂದು ಡಾಲರ್‌ನಂತೆ ಕೊಟ್ಟರು. ಮಧ್ಯೆ ಡೆಸಿ ಏನೋ ನೆಪ ಹೇಳಿ 8 ನಿಮಿಷ ಹೊರಗೆ ಹೋಗುತ್ತಿದ್ದರು. ಮೇಜಿನ ಮೇಲೆ ಪತ್ರಿಕೆಗಳೂ ಇರುತ್ತಿದ್ದವು. ಆ ಬಿಡುವಿನಲ್ಲಿ ಯಾರು ಒಗಟು ಹಿಡಿಯುತ್ತಾರೆ, ಯಾರು ಪತ್ರಿಕೆ ಎತ್ತುತ್ತಾರೆ ಅನ್ನುವುದೇ ಅಳತೆ. ದುಡ್ಡು ನಿಂತ ಮೇಲೆ, ದುಡ್ಡು ಪಡೆದವರ ಕೈ ಒಗಟಿನ ಕಡೆಗೆ ಹೋಗುವುದು ಕಡಿಮೆಯಾಯಿತು. ಬರೀ 24 ಜನರ ಸಣ್ಣ ಪ್ರಯೋಗ ಅದು, ಅದೊಂದನ್ನೇ ನಂಬಿ ಏನೂ ಹೇಳೋಕಾಗಲ್ಲ. ಆದರೆ ಅಳೆದ ರೀತಿ ನನಗೆ ಬಹಳ ಇಷ್ಟ. ಯಾರೂ ನೋಡದಾಗ ಏನು ಮಾಡುತ್ತೀರಿ ಅಂತ ನೋಡುವುದು! ಪರೀಕ್ಷೆ ಮುಗಿದ ದಿನ ಪುಸ್ತಕ ಹರಿದು ಗಾಳಿಗೆ ತೂರುವ ಹುಡುಗರನ್ನು ನೋಡಿದವರಿಗೆ ಅದು ಅರ್ಥವಾಗುತ್ತೆ.

ಮುಂದೆ ದೊಡ್ಡ ಜಗಳವೇ ನಡೆಯಿತು. 1994ರಲ್ಲಿ ಕ್ಯಾಮರಾನ್ ಮತ್ತು ಪಿಯರ್ಸ್ 96 ಅಧ್ಯಯನಗಳನ್ನು ಒಟ್ಟುಗೂಡಿಸಿ "ಬಹುಮಾನದಿಂದ ಅಂಥಾ ಹಾನಿಯೇನೂ ಇಲ್ಲ" ಅಂದರು. 1999ರಲ್ಲಿ ಡೆಸಿ, ಕೋಸ್ಟ್ನರ್, ರಯಾನ್ 128 ಪ್ರಯೋಗಗಳನ್ನು ಒಟ್ಟುಗೂಡಿಸಿ "ಇದೆ" ಅಂದರು. ಎರಡು ಬಣದವರೂ ಬೈದಾಡಿಕೊಂಡ ಮೇಲೆ ಉಳಿದದ್ದು ನಿಮ್ಮ ಕೆಲಸಕ್ಕೆ ಬರುವಂಥದ್ದು. ಕೆಲಸವೇ ಬೋರ್ ಆಗಿದ್ದರೆ ಬಹುಮಾನದಿಂದ ಆಸಕ್ತಿಗೆ ಪೆಟ್ಟು ಬೀಳಲ್ಲ. ಇಲ್ಲದ ಆಸಕ್ತಿ ಸಾಯುವುದಾದರೂ ಹೇಗೆ? ಕೆಲಸ ಇಷ್ಟವಾದದ್ದಾಗಿದ್ದು, ಬಹುಮಾನ ಮೊದಲೇ ಹೇಳಿದ್ದಾಗಿದ್ದು, ಕೈಗೆ ಸಿಗುವ ವಸ್ತುವೋ ದುಡ್ಡೋ ಆಗಿದ್ದರೆ ಪೆಟ್ಟು ಬೀಳುತ್ತೆ. ಆ ಪೆಟ್ಟು ಕಾಲೇಜಿನವರಿಗಿಂತ ಚಿಕ್ಕ ಮಕ್ಕಳಿಗೆ ಜಾಸ್ತಿ. ಬಾಯಿಮಾತಿನ ಮೆಚ್ಚುಗೆ ಆಸಕ್ತಿಯನ್ನು ಹೆಚ್ಚಿಸುತ್ತೆ. ಆದರೆ ಅದರ ಲಾಭವೂ ದೊಡ್ಡವರಿಗೇ ಜಾಸ್ತಿ.

ಹಾಗಾಗಿ ಮಗಳ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಮನೆಯಲ್ಲಿ ಓದಿಗೆ ಸ್ಟಾರ್ ಬೇಡ. ಶಾಲೆಯ ಚಾರ್ಟ್ ಜೊತೆ ಜಗಳಕ್ಕೂ ಹೋಗಬೇಡಿ. ಪುಸ್ತಕದಲ್ಲಿ ಏನಾಯಿತು ಅಂತ ಕೇಳಿ, ಅವಳು ಹೇಳುವಾಗ ಫೋನ್ ಪಕ್ಕಕ್ಕಿಡಿ, ಅಷ್ಟು ಸಾಕು.

ಆಫೀಸಿನ ವಿಷಯಕ್ಕೆ ಬಂದರೆ, 2015ರಲ್ಲಿ ಹ್ಯಾನಸ್ ಮತ್ತು ಫಾಕ್ಸ್ ಹೆಚ್ಚುಕಡಿಮೆ ನಿಮ್ಮ ಸಾಫ್ಟ್‌ವೇರನ್ನೇ ಪರೀಕ್ಷೆಗೆ ಒಡ್ಡಿದ್ದಾರೆ. ಒಂದೇ ವಿಷಯದ ಎರಡು ಕಾಲೇಜು ತರಗತಿ. ಒಂದಕ್ಕೆ ಬ್ಯಾಡ್ಜ್, ಲೀಡರ್‌ಬೋರ್ಡ್. ಇನ್ನೊಂದಕ್ಕೆ ಇಲ್ಲ. 16 ವಾರ ಕಳೆಯುತ್ತಾ ಬ್ಯಾಡ್ಜ್ ತರಗತಿಯವರ ಆಸಕ್ತಿ, ತೃಪ್ತಿ ಎರಡೂ ಇನ್ನೊಂದು ತರಗತಿಗಿಂತ ಕೆಳಗಿಳಿದವು. ಆಸಕ್ತಿ ಇಳಿದದ್ದು ಕೊನೆಯ ಪರೀಕ್ಷೆಯ ಅಂಕದಲ್ಲೂ ಕಂಡಿತು. ಇಂಥ ಆಟದ ತಂತ್ರಗಳಿಂದ ಸ್ವಲ್ಪ ಲಾಭ ಆಗುತ್ತೆ ಅಂತ ಹೇಳುವ ಅಧ್ಯಯನಗಳೂ ಇವೆ. ಆದರೆ ಮೊದಲ ವಾರಗಳ ಹುರುಪು ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ, ಅದಂತೂ ಖಂಡಿತ.

ಲೆಕ್ಕದ_ಮನುಷ್ಯ

ಮೇಷ್ಟ್ರು ಹೇಳಿದ್ದು ಚೆನ್ನಾಗಿದೆ, ಆದರೆ ಒಂದು ಕಡೆಗೇ ವಾಲಿದೆ. ನಾನು ಆಪರೇಷನ್ಸ್ ಕಡೆಯವನು. "ದುಡ್ಡಿನಿಂದ ಜನ ಬದಲಾಗಲ್ಲ" ಅನ್ನುವವರನ್ನು ಕಂಡರೆ ನಗು ಬರುತ್ತೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ. ಮೊಸರು ಸಿಗಲ್ಲ ಅಂತಾದರೆ ಕೈ ಕೆಸರು ಮಾಡಿಕೊಳ್ಳುವವರು ಯಾರು?

ಎಡ್ವರ್ಡ್ ಲೇಜಿಯರ್ ಅನ್ನುವ ಅರ್ಥಶಾಸ್ತ್ರಜ್ಞರ 2000ದ ಅಧ್ಯಯನ ನೋಡಿ. ಅಮೆರಿಕದ ಸೇಫ್‌ಲೈಟ್ ಅನ್ನುವ ಕಂಪನಿ ಕಾರುಗಳ ಒಡೆದ ಗಾಜು ಬದಲಿಸಿಕೊಡುತ್ತೆ. ಗಂಟೆ ಲೆಕ್ಕದ ಸಂಬಳ ಬಿಟ್ಟು, ಕೂರಿಸಿದ ಗಾಜಿನ ಲೆಕ್ಕಕ್ಕೆ ಬಂದರು. ಒಬ್ಬೊಬ್ಬರ ಕೆಲಸ ಸರಾಸರಿ ಶೇ 44ರಷ್ಟು ಹೆಚ್ಚಾಯಿತು. ಅದರಲ್ಲಿ ಅರ್ಧದಷ್ಟು ಇದ್ದವರೇ ಜಾಸ್ತಿ ಮಾಡಿದ್ದರಿಂದ. ಉಳಿದದ್ದು ಚುರುಕಾದವರು ಬಂದು ಸೇರಿದ್ದು, ನಿಧಾನದವರು ಬಿಟ್ಟದ್ದು ಇತ್ಯಾದಿಗಳಿಂದ.

ಶಾಲೆಯಲ್ಲೂ ಇದೆ. ಆಂಧ್ರಪ್ರದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಮಾಡಿದ ಪ್ರಯೋಗ, 2011ರಲ್ಲಿ ಪ್ರಕಟವಾಯಿತು. ಮಕ್ಕಳ ಅಂಕ ಎಷ್ಟು ಸುಧಾರಿಸಿತು ಅಂತ ನೋಡಿ ಮೇಷ್ಟ್ರುಗಳಿಗೆ ಬೋನಸ್. ಎರಡು ವರ್ಷದ ಕೊನೆಗೆ ಬೋನಸ್ ಇದ್ದ ಶಾಲೆಗಳ ಮಕ್ಕಳು ಗಣಿತದಲ್ಲಿ 0.27, ಭಾಷೆಯಲ್ಲಿ 0.17 ಸ್ಟ್ಯಾಂಡರ್ಡ್ ಡೀವಿಯೇಷನ್ (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಮುಂದಿದ್ದರು. ಬೋನಸ್ಸಿಗೆ ಲೆಕ್ಕಕ್ಕೇ ಇಲ್ಲದ ವಿಜ್ಞಾನ, ಸಮಾಜದಲ್ಲೂ ಮುಂದಿದ್ದರು. ಇದಕ್ಕೆ ಏನಂತೀರಿ?

ಮೇಡಂ, ನಿಮ್ಮ ಮ್ಯಾನೇಜರ್ ಹೇಳಿದ್ದರಲ್ಲಿ ತಪ್ಪಿಲ್ಲ. ತಪ್ಪಿರುವುದು ಯಾವುದಕ್ಕೆ ದುಡ್ಡು ಕೊಡುತ್ತಾರೆ ಅನ್ನುವುದರಲ್ಲಿ. ವಿಡಿಯೊ ಮುಗಿಸಿದ್ದಕ್ಕೆ ಯಾಕೆ? ಕಾಲ್ ಚೆನ್ನಾಗಿ ಮುಗಿಸಿದ್ದಕ್ಕೆ ಕೊಡಲಿ.

ಹಳೇ_ಮೇಷ್ಟ್ರು

ದುಡ್ಡಿನಿಂದ ಜನ ಬದಲಾಗಲ್ಲ ಅಂತ ನಾನೆಲ್ಲೂ ಹೇಳಿಲ್ಲ ಸ್ವಾಮಿ. ಬದಲಾಗುತ್ತಾರೆ, ಅದೇ ತೊಂದರೆ. ಏನಕ್ಕೆ ದುಡ್ಡು ಇಟ್ಟಿರೋ ಅದನ್ನೇ, ಅಷ್ಟನ್ನೇ ಮಾಡುತ್ತಾರೆ.

ಗಾಜಿನ ಉದಾಹರಣೆ ಒಳ್ಳೆಯದೇ. ಗಾಜು ಕೂರಿಸಿದರೋ ಇಲ್ಲವೋ ಕಣ್ಣಿಗೆ ಕಾಣುತ್ತೆ. ಸರಿಯಾಗಿ ಕೂರದಿದ್ದರೆ ಅದೇ ಕೆಲಸಗಾರ ಮತ್ತೆ ಕೂರಿಸಿಕೊಡಬೇಕಿತ್ತು. ಕೆಲಸ ಗೊತ್ತಿರುವವರು, ಎಣಿಸಬಲ್ಲ ಕೆಲಸ, ತಪ್ಪು ಅಡಗಿಸೋಕೆ ಜಾಗವಿಲ್ಲ. ಅಲ್ಲಿ ಎಣಿಸಿ ಕೊಡಿ, ನನ್ನ ತಕರಾರಿಲ್ಲ. 2014ರಲ್ಲಿ ಸೆರಾಸೋಲಿ ಮತ್ತು ಜೊತೆಗಾರರು 40 ವರ್ಷದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಕಂಡದ್ದೂ ಇದೇ. ಎಷ್ಟು ಮಾಡಿದರು ಅನ್ನುವುದಕ್ಕೆ ಬಹುಮಾನ ಚೆನ್ನಾಗಿ ತಾಳೆಯಾಗುತ್ತೆ. ಎಷ್ಟು ಚೆನ್ನಾಗಿ ಮಾಡಿದರು ಅನ್ನುವುದಕ್ಕೆ ಒಳಗಿನ ಆಸಕ್ತಿ ತಾಳೆಯಾಗುತ್ತೆ.

ಆದರೆ ಕಲಿಯುವವನ ಸ್ಥಿತಿಯೇ ಬೇರೆ. 1989ರಲ್ಲಿ ಕ್ಯಾನ್ಫರ್ ಮತ್ತು ಆಕರ್‌ಮನ್ ಅಮೆರಿಕದ ವಾಯುಪಡೆಯ ತರಬೇತಿಯವರಿಗೆ ವಿಮಾನ ಇಳಿಸುವ ಕಂಟ್ರೋಲರ್ ಕೆಲಸದ ಕಂಪ್ಯೂಟರ್ ಅಭ್ಯಾಸ ಕೊಟ್ಟರು. ಕೆಲಸ ಕೈ ಹತ್ತಿದ ಮೇಲೆ ಗುರಿ ಇಟ್ಟರೆ ಅದು ನೆರವಾಯಿತು. ಇನ್ನೂ ನಿಯಮ ಅರ್ಥವಾಗದ ಶುರುವಿನಲ್ಲೇ ಗುರಿ ಇಟ್ಟಾಗ ಅಡ್ಡಿಯಾಯಿತು. ತಲೆಯ ಒಂದು ಭಾಗ "ಎಷ್ಟಾಯ್ತು, ಎಷ್ಟು ಬಾಕಿ" ಅಂತ ನೋಡುತ್ತಾ ಕೂತರೆ ಕಲಿಯೋಕೆ ಉಳಿಯುವುದೆಷ್ಟು?

ಆಂಧ್ರದ ಪ್ರಯೋಗ ಗಟ್ಟಿಯಾದದ್ದೇ, ಒಪ್ಪಿದೆ. ಆದರೆ ಕೀನ್ಯಾದಲ್ಲಿ ಗ್ಲ್ಯೂ, ಇಲಿಯಾಸ್, ಕ್ರೆಮರ್ ಇಂಥದ್ದೇ ಮೇಷ್ಟ್ರ ಬಹುಮಾನವನ್ನು ನೋಡಿದಾಗ, ಬಹುಮಾನಕ್ಕೆ ಲೆಕ್ಕವಿದ್ದ ಪರೀಕ್ಷೆಯಲ್ಲಿ ಅಂಕ ಏರಿತು, ಬೇರೆ ಪರೀಕ್ಷೆಯಲ್ಲಿ ಏರಲಿಲ್ಲ. ಬಹುಮಾನ ನಿಂತ ಮೇಲೆ ಏರಿದ್ದೂ ಉಳಿಯಲಿಲ್ಲ. ಎರಡನ್ನೂ ಜೊತೆಗಿಟ್ಟು ಓದಬೇಕು.

ನಿಮ್ಮ ಕೊನೆಯ ಮಾತು, ಯಾವುದಕ್ಕೆ ಕೊಡುತ್ತೇವೆ ಅನ್ನುವುದು, ಅದಕ್ಕೆ ನನ್ನದೂ ಒಂದು ಸಾಕ್ಷಿ ಸೇರಿಸುತ್ತೇನೆ. ರೋಲಂಡ್ ಫ್ರೈಯರ್ ಅಮೆರಿಕದ ನಾಲ್ಕು ನಗರಗಳಲ್ಲಿ ಮಕ್ಕಳಿಗೇ ದುಡ್ಡು ಕೊಟ್ಟು ನೋಡಿದರು, 2011ರಲ್ಲಿ ಬರೆದರು. ನ್ಯೂಯಾರ್ಕಿನಲ್ಲಿ ಪರೀಕ್ಷೆಯ ಅಂಕಕ್ಕೆ, ಶಿಕಾಗೋದಲ್ಲಿ ಗ್ರೇಡಿಗೆ ದುಡ್ಡು. ಪರೀಕ್ಷೆಯ ಫಲಿತಾಂಶದಲ್ಲಿ ಪ್ರಯೋಜನ ಕಾಣಲಿಲ್ಲ. ಡಲ್ಲಾಸಿನಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ ಒಂದು ಪುಸ್ತಕ ಓದಿ ಅದರ ಸಣ್ಣ ಕ್ವಿಜ್ ಪಾಸಾದರೆ 2 ಡಾಲರ್. ಅಲ್ಲಿ ಓದಿ ಅರ್ಥ ಮಾಡಿಕೊಳ್ಳುವುದು ಸುಧಾರಿಸಿತು. ಅಂಕಕ್ಕೆ ದುಡ್ಡು ಅಂದಾಗ ಮಕ್ಕಳಿಗೆ ಉತ್ಸಾಹ ಬಂತು. ಆದರೆ ಅಂಕ ಜಾಸ್ತಿ ಮಾಡಿಕೊಳ್ಳೋಕೆ ಏನು ಮಾಡ್ತೀರಿ ಅಂತ ಕೇಳಿದರೆ "ಪ್ರಶ್ನೆ ಸರಿಯಾಗಿ ಓದ್ತೀವಿ" ಅನ್ನುವಂಥ ಉತ್ತರಗಳೇ. ಪಾಠ ಓದುತ್ತೇವೆ, ಮೇಷ್ಟ್ರನ್ನು ಕೇಳುತ್ತೇವೆ ಅಂತ ಬರಲೇ ಇಲ್ಲ. ಪಾಪ, ದಾರಿ ಗೊತ್ತಿಲ್ಲದವರಿಗೆ ಊರು ತಲುಪಿದರೆ ದುಡ್ಡು ಕೊಡ್ತೀನಿ ಅಂದ ಹಾಗೆ.

ಇನ್ನು ಮೇಡಂ ಹೇಳಿದ ಆ ನೋಟ್ಸ್ ಬರೆಯುವವರ ವಿಷಯ. ನನಗೆ ಈ ಇಡೀ ಚರ್ಚೆಯಲ್ಲಿ ಮುಖ್ಯ ಅನ್ನಿಸುವುದು ಅವರೇ. ಹಾಜರಾತಿ ಪ್ರಶಸ್ತಿಯ ಮೇಲೆ ಎರಡು ಅಧ್ಯಯನ ಇವೆ, ಒಂದು ಕಾರ್ಖಾನೆಯದು, ಒಂದು ಶಾಲೆಯದು. ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಬಟ್ಟೆ ಒಗೆಯುವ ಘಟಕಗಳ ಒಂದು ಕಂಪನಿ. ಅದರ ಒಂದು ಘಟಕದಲ್ಲಿ, ತಿಂಗಳು ಪೂರ್ತಿ ರಜೆಯಿಲ್ಲದೆ ಹೊತ್ತಿಗೆ ಸರಿಯಾಗಿ ಬಂದವರಿಗೆ ಬಹುಮಾನ ಅಂತ ಮಾಡಿದರು. ಗಬ್ಲರ್, ಲಾರ್ಕಿನ್, ಪಿಯರ್ಸ್ 2016ರಲ್ಲಿ ಬರೆದ ಪ್ರಕಾರ ಆ ಘಟಕದ ಒಟ್ಟು ಉತ್ಪಾದನೆ ಶೇ 1.4ರಷ್ಟು ಕುಗ್ಗಿತು. ಯಾರೂ ಹೇಳದೆಯೇ ಸರಿಯಾಗಿ ಬರುತ್ತಿದ್ದ, ಚೆನ್ನಾಗಿ ಕೆಲಸ ಮಾಡುತ್ತಿದ್ದವರ ಹುರುಪೇ ಇಳಿಯಿತು. ತಡವಾಗಿ ಬರುವವರು ಬಹುಮಾನ ಗಿಟ್ಟಿಸುವ ಉಪಾಯ ಕಲಿತರು. ಶಾಲೆಯದ್ದು 2021ರದು. ಕ್ಯಾಲಿಫೋರ್ನಿಯಾದ 15,329 ವಿದ್ಯಾರ್ಥಿಗಳು. ಕಳೆದ ತಿಂಗಳಲ್ಲಿ ಒಂದು ದಿನವೂ ತಪ್ಪಿಸದೆ ಬಂದದ್ದಕ್ಕೆ ಕೆಲವರಿಗೆ ಪ್ರಶಸ್ತಿ ಕೊಟ್ಟರು. ಆಮೇಲೆ ಅವರ ಹಾಜರಾತಿ ಕಡಿಮೆಯಾಯಿತು! "ಓಹೋ, ನಾನು ಬೇಕಾದದ್ದಕ್ಕಿಂತ ಜಾಸ್ತಿ ಬರ್ತಿದ್ದೀನಿ, ಉಳಿದವರು ಹೀಗೆ ಬರಲ್ಲ" ಅಂತ ಮಕ್ಕಳು ಅರ್ಥ ಮಾಡಿಕೊಂಡಿರಬೇಕು ಅನ್ನುತ್ತಾರೆ ಸಂಶೋಧಕರು.

ಸರಿಯಾಗಿ ಇರುವವರಿಗೆ ಬಹುಮಾನ ಒಂದು ಸುದ್ದಿ ಹೇಳುತ್ತೆ. ಆ ಸುದ್ದಿ ಏನು ಅಂತ ಕೊಡುವವರು ಯೋಚಿಸುವುದೇ ಇಲ್ಲ. ನಿಮ್ಮ ಲೀಡರ್‌ಬೋರ್ಡ್ ಆ ಹೆಣ್ಣುಮಗಳಿಗೆ ಹೇಳಿದ್ದು ಇದು: ಇಲ್ಲಿ ಬೇಗ ಮುಗಿಸುವುದು ಮುಖ್ಯ, ತಿಳಿದುಕೊಳ್ಳುವುದು ನಿನ್ನ ಖಾಸಗಿ ಹುಚ್ಚು.

ಟ್ರೈನಿಂಗ್_ಮೇಡಂ

ಇಬ್ಬರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಕೊನೆಯ ಸಾಲನ್ನು ಬರೆದಿಟ್ಟುಕೊಂಡೆ, ಮ್ಯಾನೇಜರಿಗೆ ಹೇಳೋಕೆ ಧೈರ್ಯ ಬಂದಾಗ ಹೇಳುತ್ತೇನೆ.

ಲೆಕ್ಕದವರೇ, ಕಾಲಿಗೆ ಬೋನಸ್ ಕೊಟ್ಟು ನೋಡಿಯಾಗಿದೆ, ನಾನು ಸೇರುವ ಮುಂಚೆ. ಕಷ್ಟದ ಕಾಲುಗಳನ್ನೆಲ್ಲ ಬೇರೆಯವರಿಗೆ ವರ್ಗ ಮಾಡೋಕೆ ಶುರು ಮಾಡಿದರಂತೆ!

ಈಗ ನನ್ನ ಕಷ್ಟ ಏನೆಂದರೆ, ಪಟ್ಟಿ ತೆಗೆಯಿರಿ ಅಂದರೆ "ಹಾಗಾದರೆ ಕಲಿತಿದ್ದಾರೆ ಅಂತ ಹೇಗೆ ತೋರಿಸ್ತೀರಿ" ಅಂತಾರೆ. ಮೇಲಿನವರಿಗೆ ಒಂದು ಅಂಕಿ ಬೇಕೇ ಬೇಕು. ಅವರ ಸ್ಲೈಡಿನಲ್ಲಿ ಯಾವಾಗಲೂ ಒಂದು ಚಿತ್ರ ಇರುತ್ತೆ: ಓದಿದ್ದು ಶೇ 10 ನೆನಪಿರುತ್ತೆ, ಕೇಳಿದ್ದು ಶೇ 20, ಮಾಡಿದ್ದು ಶೇ 90 ಅಂತ. ಅದನ್ನು ತೋರಿಸಿಯೇ ಈ ಸಾಫ್ಟ್‌ವೇರ್ ತಂದದ್ದು.

ವಾರ್ಡಿನ_ಟೀಚರ್

ನಾನು ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುವವಳು. ಮೊದಲು ಆ ಸ್ಲೈಡಿನ ಕಥೆ ಮುಗಿಸೋಣ. ಎಡ್ಗರ್ ಡೇಲ್ ಅನ್ನುವ ಶಿಕ್ಷಣ ತಜ್ಞರು 1946ರಲ್ಲಿ ಒಂದು ಶಂಕುವಿನ ಚಿತ್ರ ಬರೆದರು. ಅದರಲ್ಲಿ ಶೇಕಡಾವಾರು ಅಂಕಿಗಳೇ ಇರಲಿಲ್ಲ. 10, 20, 90 ಎಲ್ಲ ಬೇರೆಯವರು ಆಮೇಲೆ ಅಂಟಿಸಿದ್ದು, ಹಿಂದೆ ಯಾವ ಪ್ರಯೋಗವೂ ಇಲ್ಲ. ಅಷ್ಟು ದುಂಡು ದುಂಡಾದ ಅಂಕಿ ಯಾವ ಪ್ರಯೋಗದಲ್ಲಿ ಬರುತ್ತೆ ಹೇಳಿ? ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಕಥೆ.

ನಿಜವಾದ ಅಂಕಿ ಬೇಕಾ, ತಗೊಳ್ಳಿ. ರೋಡಿಗರ್ ಮತ್ತು ಕಾರ್ಪಿಕೆ, 2006. ವಿದ್ಯಾರ್ಥಿಗಳಿಗೆ ಒಂದು ಸಣ್ಣ ಗದ್ಯ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೊಮ್ಮೆ ಓದಿದರು. ಕೆಲವರು ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು, ಶೇ 81ಕ್ಕೆ ಶೇ 75. ಒಂದು ವಾರ ಬಿಟ್ಟು ಕೇಳಿದಾಗ ತಲೆಕೆಳಗು. ಮತ್ತೆ ಓದಿದವರಿಗೆ ಶೇ 42, ಮುಚ್ಚಿ ಬರೆದವರಿಗೆ ಶೇ 56. ನಿಮ್ಮ ಸಾಫ್ಟ್‌ವೇರ್ ವಿಡಿಯೊ ಮುಗಿದ ತಕ್ಷಣ ಕ್ವಿಜ್ ಕೊಡುತ್ತೆ ಅಲ್ವಾ? ಅಂದರೆ ಅದು ಅಳೆಯುವುದು ಆ 5 ನಿಮಿಷದ ಅಂಕಿಯನ್ನು. ವಾರ ಬಿಟ್ಟು ಕೇಳಿ. ಅದೇ ನಿಮ್ಮ ಮ್ಯಾನೇಜರಿಗೆ ತೋರಿಸುವ ಅಂಕಿ, ಅದೇ ಕಲಿಸುವ ಉಪಾಯ ಕೂಡ. ನಮ್ಮಲ್ಲಿ ಔಷಧದ ಪ್ರಮಾಣ ಲೆಕ್ಕ ಹಾಕುವುದನ್ನು ಹೀಗೇ ಮಾಡಿಸುತ್ತೇನೆ. ವಾರ್ಡಿಗೆ ಹೋಗುವ ಮುಂಚೆ ಕಳೆದ ವಾರದ್ದು ಒಂದೆರಡು ಪ್ರಶ್ನೆ, ಕಾಗದದ ಮೇಲೆ, ಪುಸ್ತಕ ಮುಚ್ಚಿ. ಅಂಕ ಬರೆದಿಡಲ್ಲ.

ಒಂದು ಎಚ್ಚರಿಕೆ. ಜನ ಗೊಣಗುತ್ತಾರೆ. ಹಾರ್ವರ್ಡ್‌ನಲ್ಲಿ ಡೆಲೋರಿಯೆ ಮತ್ತು ಜೊತೆಗಾರರು 2019ರಲ್ಲಿ ಭೌತಶಾಸ್ತ್ರದ ತರಗತಿಗಳಲ್ಲಿ ಹೋಲಿಸಿ ನೋಡಿದರು. ಸೊಗಸಾದ ಭಾಷಣ ಕೇಳಿದವರು "ಜಾಸ್ತಿ ಕಲಿತೆವು" ಅಂದರು. ತಾವೇ ಕೂತು ಲೆಕ್ಕ ಬಿಡಿಸಿದವರು "ಅಷ್ಟಾಗಿ ಕಲಿಯಲಿಲ್ಲ" ಅಂದರು. ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದದ್ದು ಗೊಣಗಿದವರಿಗೇ. ಆದ್ದರಿಂದ ತರಬೇತಿ ಮುಗಿದ ಮೇಲೆ ತುಂಬಿಸಿಕೊಳ್ಳುವ "ಹೇಗಿತ್ತು" ಫಾರ್ಮನ್ನು ಕಲಿಕೆಯ ಅಳತೆ ಅಂದುಕೊಳ್ಳಬೇಡಿ.

ಲೀಡರ್‌ಬೋರ್ಡಿನ ಬಗ್ಗೆ ಮೇಷ್ಟ್ರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. 1996ರಲ್ಲಿ ಕ್ಲೂಗರ್ ಮತ್ತು ಡಿನಿಸಿ "ನೀವು ಹೀಗೆ ಮಾಡಿದ್ದೀರಿ" ಅಂತ ತಿಳಿಸುವ ಫೀಡ್‌ಬ್ಯಾಕ್ ಮೇಲಿನ 607 ಫಲಿತಾಂಶಗಳನ್ನು ಒಟ್ಟಿಗೆ ನೋಡಿದರು. ಸರಾಸರಿಯಲ್ಲಿ ಲಾಭ ಇತ್ತು. ಆದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಸಲ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸದಿಂದ ತಪ್ಪಿ "ನಾನು ಎಂಥವನು" ಅನ್ನುವ ಕಡೆಗೆ ಹೋದಾಗ ಕೆಡುತ್ತೆ ಅನ್ನುವುದು ಅವರ ವಿವರಣೆ. ಎಲ್ಲರೆದುರು ಹೆಸರು ಹಾಕಿದ ಪಟ್ಟಿ ಅದನ್ನೇ ಮಾಡುತ್ತೆ. "ರಿಫಂಡ್ ಕಾಲಿನಲ್ಲಿ ಆರ್ಡರ್ ದಿನಾಂಕ ಕೇಳೋದು ಬಿಟ್ಟಿರಿ" ಅಂದರೆ ಮುಂದಿನ ಕಾಲಿನಲ್ಲಿ ಕೇಳುತ್ತಾರೆ. "ನಿಮ್ಮದು 43ನೇ ಸ್ಥಾನ" ಅಂದರೆ ಏನು ಮಾಡಬೇಕು?

ದುಡ್ಡಿಲ್ಲದೆ ಹುರುಪು ಬರುವುದು ಹೇಗೆ ಅಂತ ಕೇಳಿದರೆ, ಆಡಮ್ ಗ್ರಾಂಟ್ ಮತ್ತು ಜೊತೆಗಾರರು 2007ರಲ್ಲಿ ಪ್ರಕಟಿಸಿದ್ದನ್ನು ಹೇಳಿ. ಅದೂ ಕಾಲ್ ಸೆಂಟರೇ. ವಿಶ್ವವಿದ್ಯಾಲಯಕ್ಕೆ ದೇಣಿಗೆ ಕೇಳಿ ಫೋನ್ ಮಾಡುವವರು. ಆ ದುಡ್ಡಿನಿಂದ ಸ್ಕಾಲರ್‌ಶಿಪ್ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಕೆಲವರನ್ನು ಸ್ವಲ್ಪ ಹೊತ್ತು ಮಾತಾಡಿಸಿದರು, ಅಷ್ಟೇ. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಹೊತ್ತು, ತರುವ ದೇಣಿಗೆ ಎರಡೂ ದುಪ್ಪಟ್ಟಿಗಿಂತ ಜಾಸ್ತಿಯಾಗಿದ್ದವು. ಸಣ್ಣ ಗುಂಪಿನ ಪ್ರಯೋಗ, ಅಷ್ಟೇ ಫಲ ನಿಮ್ಮಲ್ಲೂ ಬರುತ್ತೆ ಅಂತ ಮಾತು ಕೊಡಬೇಡಿ. ಆದರೆ ಖರ್ಚಿಲ್ಲ. ನಿಮ್ಮ ಆ ನೋಟ್ಸ್ ಬರೆಯುವವರು ಬಿಡಿಸಿಕೊಟ್ಟ ಕಷ್ಟದ ಕೇಸಿನ ಗ್ರಾಹಕರು ಒಬ್ಬರು ಬಂದು ಮಾತಾಡಲಿ.

ಲೆಕ್ಕದ_ಮನುಷ್ಯ

ವಾರ ಬಿಟ್ಟು ಕೇಳುವ ಕ್ವಿಜ್ ನನಗೂ ಒಪ್ಪಿಗೆ. ಆದರೆ ಮೇಡಂ, ಇಷ್ಟೆಲ್ಲ ಪ್ರಯೋಗದ ಕಥೆ ಕೇಳಿ ಆಮೇಲೆ ನೀವು ಪ್ರಯೋಗ ಮಾಡದೆ ಎಲ್ಲವನ್ನೂ ಒಂದೇ ಸಲ ಬದಲಿಸಿದರೆ ಹೇಗೆ? ನಿಮ್ಮಲ್ಲಿ ಟೀಮುಗಳಿವೆ. ಚೀಟಿ ಎತ್ತಿ ಅರ್ಧ ಟೀಮಿಗೆ ಹೊಸ ಪದ್ಧತಿ, ಉಳಿದ ಅರ್ಧಕ್ಕೆ ಹಳೆಯದು. ಕ್ವಿಜ್ ಮಾತ್ರ ಎಲ್ಲರಿಗೂ. ಜೊತೆಗೆ ಒಂದೇ ದೂರಿಗೆ ಗ್ರಾಹಕರು ಮತ್ತೆ ಎಷ್ಟು ಸಲ ಫೋನ್ ಮಾಡಿದರು ಅಂತ ನೋಡಿ. ಆ ಅಂಕಿ ನಿಮ್ಮ ಆಪರೇಷನ್ಸ್‌ನವರ ಹತ್ತಿರ ಆಗಲೇ ಇರುತ್ತೆ. ಅದಕ್ಕೆ ಬೋನಸ್ ಇಡಬೇಡಿ, ಸದ್ಯಕ್ಕೆ ನಾನೂ ಹೇಳಲ್ಲ.

ಟ್ರೈನಿಂಗ್_ಮೇಡಂ

ಮ್ಯಾನೇಜರ್ ಜೊತೆ ಮಾತಾಯಿತು. ಡೇಲ್ ಅವರ ಶಂಕುವಿನ ವಿಷಯಕ್ಕೆ ಮುಖ ಸಣ್ಣಗಾಯಿತು. ಆದರೆ ಬಟ್ಟೆ ಒಗೆಯುವ ಘಟಕದ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು. ನಗದು ಬಹುಮಾನ ಸದ್ಯಕ್ಕೆ ಇಲ್ಲ. ಲೀಡರ್‌ಬೋರ್ಡ್ ಪೂರ್ತಿ ತೆಗೆಯೋಕೆ ಒಪ್ಪಲಿಲ್ಲ, ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಅಲ್ವಾ. ಚೀಟಿ ಎತ್ತುವುದಕ್ಕೆ ಒಪ್ಪಿದರು. ಅರ್ಧ ಟೀಮುಗಳಿಗೆ ಹೆಸರಿನ ಪಟ್ಟಿ ಕಾಣುವುದಿಲ್ಲ. ಅವರಿಗೆ ಟೀಮ್ ಲೀಡರ್ ಒಂದು ಕಾಲ್ ಕೇಳಿ, ಅದರ ಬಗ್ಗೆ ಮಾತ್ರ ಮಾತಾಡಬೇಕು. ಕ್ವಿಜ್ ಎಲ್ಲರಿಗೂ, ವಾರ ಬಿಟ್ಟು, ಪ್ರಶ್ನೆಗಳನ್ನು ಪ್ರತಿಸಲ ಬದಲಿಸಿ. ವಾಟ್ಸಾಪ್ ಗುಂಪಿನವರು ಸ್ವಲ್ಪ ಕಷ್ಟಪಡಲಿ.

ಚೀಟಿಯಲ್ಲಿ ನೋಟ್ಸ್ ಬರೆಯುವವರ ಟೀಮು ಪಟ್ಟಿ ಉಳಿಸಿಕೊಂಡ ಕಡೆಗೆ ಬಿತ್ತು. ಬದಲಿಸೋಣ ಅಂತ ಮನಸ್ಸಾಯಿತು. ಬದಲಿಸಿದರೆ ಚೀಟಿ ಎತ್ತಿದ್ದಕ್ಕೆ ಅರ್ಥ ಇರಲ್ಲ ಅಂತ ಸುಮ್ಮನಾದೆ. ಹೊಸ ಪ್ರಶ್ನೆಗಳನ್ನು ತಯಾರು ಮಾಡೋಕೆ ಒಬ್ಬರು ಬೇಕಿತ್ತು, ಅವರನ್ನೇ ಕೇಳಿದ್ದೇನೆ. ಹೂಂ ಅಂದಿದ್ದಾರೆ.

ಹಳೇ_ಮೇಷ್ಟ್ರು

ಅವರು ತಯಾರು ಮಾಡಿದ ಪ್ರಶ್ನೆ ಅವರಿಗೇ ಬಂದರೆ ಲೆಕ್ಕ ತಪ್ಪುತ್ತೆ ಮೇಡಂ. ಕ್ವಿಜ್ ಲೆಕ್ಕದಿಂದ ಅವರೊಬ್ಬರನ್ನು ಹೊರಗಿಡಿ.